ಬಿಸಿ ಕಾಸ್ಟಿಕ್ ಟ್ಯಾಂಕ್‌ಗೆ ಯಾವ ಲೈನಿಂಗ್ (ಒಳಪದರ) ಹಾಕ್ಸೋದು? ಎಫ್‌ಆರ್‌ಪಿ (ಗಾಜಿನ ನಾರು, ರೆಸಿನ್ ಸೇರಿದ ಪದರ) 8 ತಿಂಗಳಿಗೇ ಎದ್ದು ಬಂತು

ಪೀಣ್ಯ_ಪೌಡರ್‌ಕೋಟಿಂಗ್:

ಎಲ್ರಿಗೂ ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ನಮ್ದೊಂದು ಸಣ್ಣ ಪೌಡರ್ ಕೋಟಿಂಗ್ ಶಾಪ್ ಇದೆ, 7 ಟ್ಯಾಂಕ್ ಪ್ರೋಸೆಸ್. ತೊಂದ್ರೆ ಮೊದಲನೇ ಟ್ಯಾಂಕಲ್ಲೇ, ಡಿಗ್ರೀಸಿಂಗ್, ಅಂದ್ರೆ ಜಾಬ್ (ಕೋಟಿಂಗ್‌ಗೆ ಬಂದ ಸಾಮಾನು) ಮೇಲಿನ ಎಣ್ಣೆ ಜಿಡ್ಡು ತೆಗೆಯೋದು. ಎಂಎಸ್ (ಸಾದಾ ಕಬ್ಬಿಣದ) ಟ್ಯಾಂಕು, 5 ಎಂಎಂ ಪ್ಲೇಟು, 10 ಅಡಿ ಉದ್ದ 4 ಅಡಿ ಅಗಲ 5 ಅಡಿ ಎತ್ತರ. ಕಾಸ್ಟಿಕ್ ಸೋಡಾ ಲೀಟರ್‌ಗೆ 50 ಗ್ರಾಂ ಲೆಕ್ಕ, ಜೊತೆಗೆ ಸೋಡಾ ಆಶ್, ಸ್ವಲ್ಪ ಸಿಲಿಕೇಟ್, ವೆಟ್ಟಿಂಗ್ ಏಜೆಂಟು. 75 ಡಿಗ್ರಿಲಿ ಓಡತ್ತೆ, ಕರೆಂಟ್ ಹೀಟರ್ ಮೂರು ಮುಳುಗಿಸಿದೀವಿ.

ಮೊದ್ಲು ಲೈನಿಂಗ್ ಏನೂ ಇರ್ಲಿಲ್ಲ. ಎರಡು ವರ್ಷ ಚೆನ್ನಾಗೇ ಇತ್ತು, ಆಮೇಲೆ ಕೆಳಗಿನ ಮೂಲೆ ವೆಲ್ಡಿಂಗ್ ಹತ್ರ ಒಸರೋಕೆ ಶುರುವಾಯ್ತು. ವೆಲ್ಡರ್ ಕರೆಸಿ ಮೇಲಿಂದ ಒಂದು ರನ್ ಹೊಡೆಸಿದ್ವಿ, ಎರಡು ತಿಂಗಳಿಗೆ ಅದರ ಪಕ್ಕದಲ್ಲೇ ಮತ್ತೆ ಲೀಕು, ಹಿಂಗೇ ಮೂರು ಸಲ. ಸಾಕಾಗಿ, ನಮ್ಮ ಡಿರಸ್ಟಿಂಗ್ (ತುಕ್ಕು ತೆಗೆಯೋ) ಆಸಿಡ್ ಟ್ಯಾಂಕ್‌ಗೆ ಎಫ್‌ಆರ್‌ಪಿ ಲೈನಿಂಗ್ ಮಾಡಿದ್ದವರನ್ನೇ ಕರೆಸಿ ಇದಕ್ಕೂ 3 ಎಂಎಂ ಹಾಕ್ಸಿದೆ. ಆಸಿಡ್ ಟ್ಯಾಂಕಲ್ಲಿ ಅವರ ಕೆಲಸ ನಾಲ್ಕು ವರ್ಷದಿಂದ ಹಾಗೇ ಗಟ್ಟಿಯಾಗಿದೆ, ಹಂಗಾಗಿ ನಂಬಿಕೆ ಇತ್ತು. ಇಲ್ಲಿ 8 ತಿಂಗಳಿಗೆ ಗುಳ್ಳೆ ಎದ್ದು, ಗುಳ್ಳೆ ಚುಚ್ಚಿದ್ರೆ ಸೋಪಿನ ನೀರಿನ ಥರ ಜಾರೋ ನೀರು ಬರತ್ತೆ, ಒಂದು ಕಡೆಯಂತೂ ಹಾಳೆ ಹಾಳೆಯಾಗಿ ಕೈಯಲ್ಲೇ ಕಿತ್ಕೊಂಡು ಬಂತು, ಒಳಗೆ ಗ್ಲಾಸ್ ಮ್ಯಾಟ್ ಬಿಳೀ ಹತ್ತಿ ಥರ ಬರೀ ನಾರು ಕಾಣ್ತಿದೆ.

ಈಗ ಒಬ್ಬರು ರಬ್ಬರ್ ಲೈನಿಂಗ್ ಅಂತಾರೆ, ಒಬ್ಬರು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಶೀಟ್, ಇನ್ನೊಬ್ಬರು ಎಪಾಕ್ಸಿ ಹೊಡೀರಿ ಅಂತಾರೆ, ಒಬ್ಬ ಸಪ್ಲೈಯರ್ ಪಿವಿಡಿಎಫ್ (ಫ್ಲೋರಿನ್ ಇರೋ ದುಬಾರಿ ಪ್ಲಾಸ್ಟಿಕ್) ಹಾಕಿದ್ರೆ ಜನ್ಮದಲ್ಲಿ ನೋಡ್ಬೇಕಾಗಿಲ್ಲ ಅಂತ ಎದೆ ಒಡೆಯೋ ರೇಟ್ ಹೇಳಿದಾನೆ. ದುಡ್ಡು ಇನ್ನೊಂದು ಸಲ ನೀರಲ್ಲಿ ಹಾಕೋ ಶಕ್ತಿ ಇಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

---

ತುಮಕೂರು_ಎಫ್‌ಆರ್‌ಪಿ:

ಸರ್, ನಾನು ಎಫ್‌ಆರ್‌ಪಿ ಕೆಲಸದವನೇ, ಅದಕ್ಕೇ ಮೊದಲು ಬರೀತಿದೀನಿ. ನಿಮಗೆ ಹಾಕಿರೋದು ಹೆಚ್ಚು ಕಮ್ಮಿ ಐಸೋ ರೆಸಿನ್ (ಒಂದು ಥರದ ಪಾಲಿಎಸ್ಟರ್) ಇರ್ಬೇಕು, ಆಸಿಡ್ ಟ್ಯಾಂಕ್‌ಗೆ ಸಾಮಾನ್ಯ ಅದನ್ನೇ ಹಾಕ್ತೀವಿ, ಬಿಸಿ ಇಲ್ಲದ ಆಸಿಡ್‌ಗೆ ಚೆನ್ನಾಗೇ ತಡೆಯತ್ತೆ. ಆದ್ರೆ ಬಿಸಿ ಕಾಸ್ಟಿಕ್‌ಗೆ ಅದು ಆಗಲ್ಲ. ಪಾಲಿಎಸ್ಟರ್ ಅಂದ್ರೆ ಅದರ ಜೀವಾನೇ ಎಸ್ಟರ್ ಕೊಂಡಿ. ಎಣ್ಣೆನೂ ಎಸ್ಟರೇ, ಎಣ್ಣೆಗೆ ಕಾಸ್ಟಿಕ್ ಹಾಕಿ ಕಾಯಿಸಿದ್ರೆ ಸೋಪಾಗತ್ತಲ್ಲ, ನಿಮ್ಮ ಟ್ಯಾಂಕ್ ಒಳಗೆ ರೆಸಿನ್‌ಗೆ ದಿನಾ ಅದೇ ಆಗ್ತಿತ್ತು. ರೆಸಿನ್ ಹೋದ್ಮೇಲೆ ನಾರು ಬಯಲಾಗತ್ತೆ, ಮಾಮೂಲಿ ಇ ಗ್ಲಾಸ್ (ಮ್ಯಾಟ್ ಒಳಗಿನ ಗಾಜಿನ ನಾರು) ಕೂಡ ಬಿಸಿ ಕಾಸ್ಟಿಕ್‌ನಲ್ಲಿ ಕರಗತ್ತೆ, ಯಾಕಂದ್ರೆ ಗಾಜು ಅಂದ್ರೆ ಸಿಲಿಕಾ, ಸಿಲಿಕಾನ ಕಾಸ್ಟಿಕ್ ತಿಂದು ಸೋಡಿಯಂ ಸಿಲಿಕೇಟ್ ಮಾಡತ್ತೆ. ನೀವು ನೋಡಿದ ಬಿಳೀ ಹತ್ತಿ ಅದೇ ಸರ್.

ಸರಿಯಾಗಿ ಮಾಡೋದಾದ್ರೆ ಬಿಸ್‌ಫಿನಾಲ್ ಎ ವಿನೈಲ್ ಎಸ್ಟರ್ ರೆಸಿನ್ ತಗೋಬೇಕು, ಒಳಮೈಗೆ ಗ್ಲಾಸ್ ವೇಲ್ (ಗಾಜಿನ ನಾರಿನ ತೆಳು ಹಾಳೆ) ಬದಲು ಸಿಂಥೆಟಿಕ್ ವೇಲ್ ಎರಡು ಪದರ ಕೊಡ್ಬೇಕು, ಮೂಲೆ ತುಂಬೋ ಪುಟ್ಟಿಗೆ ಏರೋಸಿಲ್ (ಪುಟ್ಟಿ ಮಂದ ಮಾಡೋ ಪುಡಿ) ಹಾಕಬಾರದು ಯಾಕಂದ್ರೆ ಅದೂ ಸಿಲಿಕಾನೇ, ಆಮೇಲೆ ಬಿಸಿ ಗಾಳಿ ಕೊಟ್ಟು ರೆಸಿನ್ ಪೂರ್ತಿ ಗಟ್ಟಿಯಾಗೋ ಹಾಗೆ ಪೋಸ್ಟ್ ಕ್ಯೂರ್ ಮಾಡ್ಬೇಕು. ಇಷ್ಟೆಲ್ಲ ಮಾಡಿದ್ರೂ 75 ಡಿಗ್ರಿ ಅಂದ್ರೆ ಅಂಚಿನ ಮೇಲೆ ನಡೆದ ಹಾಗೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ, ಎಫ್‌ಆರ್‌ಪಿ ಮಟ್ಟಿಗೆ 50 ಪರ್ಸೆಂಟ್ ಕಾಸ್ಟಿಕ್‌ಗಿಂತ ನಿಮ್ಮಂಥ 5 ಪರ್ಸೆಂಟಿನ ತೆಳು ಕಾಸ್ಟಿಕ್ಕೇ ಹೆಚ್ಚು ಹಿಂಸೆ ಕೊಡತ್ತೆ, ಅದರಲ್ಲಿ ನೀರು ಜಾಸ್ತಿ, ನೀರಿನ ಜೊತೆ ಒಳಗೆ ಇಳಿಯತ್ತೆ. ‘ತೆಳು ತಾನೇ, ಏನಾಗಲ್ಲ’ ಅಂತ ಹೇಳಿ ಲೈನಿಂಗ್ ಮಾರೋರನ್ನ ನಂಬಬೇಡಿ.

ಇನ್ನೊಂದು ಕೇಳ್ತೀನಿ, ಟ್ಯಾಂಕ್ ಹೊರಗಡೆ ರಾಕ್‌ವೂಲ್ (ಶಾಖ ಹೊರಗೆ ಹೋಗದ ಹಾಗೆ ತಡೆಯೋ ಹೊದಿಕೆ) ಏನಾದ್ರೂ ಸುತ್ತಿದೀರಾ? ಒಳಗೆ 75, ಹೊರಗೆ ಗೋಡೆ ತಣ್ಣಗಿದ್ರೆ ನೀರಿನ ಆವಿ ಲೈನಿಂಗ್ ಒಳಗಿಂದ ನುಗ್ಗಿ ತಣ್ಣಗಿರೋ ಕಬ್ಬಿಣದ ಹತ್ರ ಹೋಗಿ ನೀರಾಗಿ ಕೂತ್ಕೊಳತ್ತೆ, ಅಲ್ಲಿಂದ ಗುಳ್ಳೆ ಏಳತ್ತೆ. ಯಾವ ಲೈನಿಂಗ್ ಹಾಕಿದ್ರೂ ಇದು ಇದ್ದದ್ದೇ.

---

ಬೆಳಗಾವಿ_ಫಿಟ್ಟರ್:

ಸರ್ ಲೈನಿಂಗ್ ಮಾತು ಆಮ್ಯಾಲ ಆಡೋಣ್ರಿ. ನಾ ಅಲ್ಯೂಮಿನಾ ಪ್ಲಾಂಟ್‌ನ್ಯಾಗ ಮೇಂಟೆನೆನ್ಸ್ ಮಾಡಿದಾಂವ. ಬಾಕ್ಸೈಟ್ ಕರಗಸೂದೇ ಬಿಸಿ ಕಾಸ್ಟಿಕ್‌ನ್ಯಾಗ, ಊರಿನ ನೀರಿನ ಟಾಕಿಗಿಂತ ದೊಡ್ಡ ದೊಡ್ಡ ಟ್ಯಾಂಕ್ ನಿಂತಾವು, ಎಲ್ಲಾ ಸಾದಾ ಕಬ್ಬಿಣ, ಒಳಗ ಲೈನಿಂಗ್ ಅನ್ನೂದು ಇಲ್ಲ. ಕಬ್ಬಿಣಕ್ಕ ಆಸಿಡ್ ವೈರಿ, ಕಾಸ್ಟಿಕ್ ಅಲ್ರಿ. ಕಾಸ್ಟಿಕ್‌ನ್ಯಾಗ ಕಬ್ಬಿಣದ ಮ್ಯಾಲ ಒಂದು ತೆಳು ಕರೀ ಪದರ ಕುಂದರತೈತಿ, ಅದೇ ಅದನ್ನ ಕಾಯತೈತಿ. ನಿಮ್ಮ ಟ್ಯಾಂಕ್ ಎರಡು ವರ್ಷ ಬರೀ ಮೈಲೇ ಚಲೋ ಇತ್ತು ಅಂತ ನೀವ ಬರದೀರಿ, ಪ್ಲೇಟ್ ತೆಳು ಆಗಿತ್ತೇನ್ರಿ? ಆಗಿರಂಗಿಲ್ಲ. ಅಂದ್ರ ಪ್ಲೇಟ್ ಸವದಿಲ್ಲ, ಬಿರುಕು ಬಿಟ್ಟೈತಿ. ಇವೆರಡೂ ಬ್ಯಾರೆ ಬ್ಯಾರೆ ರೋಗ, ಔಷಧಾನೂ ಬ್ಯಾರೆ.

ಇದಕ್ಕ ಕಾಸ್ಟಿಕ್ ಕ್ರ್ಯಾಕಿಂಗ್ ಅಂತಾರ್ರಿ. ಹಳೇ ಕಾಲದ ರಿವೆಟ್ ಬಾಯ್ಲರ್‌ಗಳು ಇದ್ರಿಂದನೇ ಒಡದು ಮಂದಿ ಸತ್ತಾರ, ರಿವೆಟ್ ಸಂದಿನ್ಯಾಗ ನೀರು ಆವಿ ಆಗಿ ಆಗಿ ಕಾಸ್ಟಿಕ್ ಗಟ್ಟಿ ಆಗ್ತಿತ್ತು, ಅಲ್ಲೇ ಕಬ್ಬಿಣ ಎಳತದಾಗ ಇರ್ತಿತ್ತು. ಮೂರು ಕೂಡಬೇಕು ನೋಡ್ರಿ: ಗಟ್ಟಿ ಕಾಸ್ಟಿಕ್, ಬಿಸಿ, ಎಳತ. ವೆಲ್ಡಿಂಗ್ ಮಾಡಿದ ಜಾಗಾದಾಗ ಆರಿದ ಮ್ಯಾಲ ಎಳತ ಒಳಗ ಉಳದೇ ಉಳದಿರತೈತಿ. ನೇಸ್‌ನವರ (ತುಕ್ಕು ತಡಿಯೂ ಎಂಜಿನಿಯರ್‌ಗಳ ಸಂಸ್ಥಾ, ಈಗ ಅದರ ಹೆಸರು ಎಎಂಪಿಪಿ) ಕಾಸ್ಟಿಕ್ ಚಾರ್ಟ್ ಅಂತ ಒಂದೈತಿ, ಎಷ್ಟು ಪರ್ಸೆಂಟಿಗೆ ಎಷ್ಟು ಡಿಗ್ರಿ ದಾಟಿದ್ರ ವೆಲ್ಡಿಂಗ್‌ಗೆ ಸ್ಟ್ರೆಸ್ ರಿಲೀವ್ (ಕಾಯಿಸಿ ಒಳಗಿನ ಎಳತ ತಗಿಯೂದು) ಮಾಡಬೇಕು ಅಂತ ಗೆರಿ ಎಳದು ತೋರಸ್ತಾರ. 50 ಪರ್ಸೆಂಟ್ ಕಾಸ್ಟಿಕ್‌ಗೆ 50 ಡಿಗ್ರಿ ಒಳಗ ಆ ಗೆರಿ ಬರತೈತಿ, ನಿಮ್ಮ 5 ಪರ್ಸೆಂಟಿಗೆ 80 ಆಸುಪಾಸು. ಹಂಗ ನೋಡಿದ್ರ ನೀವು 75ಕ್ಕ ಗೆರಿ ಒಳಗ ಅದೀರಿ, ಬಿರುಕು ಬಿಡಬಾರದಿತ್ತು. ಎಲ್ಲೋ ಒಂದ ಕಡೆ ಕಾಸ್ಟಿಕ್ ಗಟ್ಟಿ ಆಗಾಕತ್ತೈತಿ.

ಹಂಗಾಗಿ ಮೂರು ಪ್ರಶ್ನಿ. ಲೀಕ್ ಆದ ಮೂಲಿ ಯಾವ ಕಡೆ? ಹೀಟರ್ ಪ್ಲೇಟಿಗೆ ಹತ್ತಿ ಅದಾವೇನು? ಕಾಸ್ಟಿಕ್ ಚೀಲ ಹೆಂಗ ಹಾಕ್ತೀರಿ, ಎಲ್ಲಿ ನಿಂತು ಹಾಕ್ತೀರಿ?

---

ಪೀಣ್ಯ_ಪೌಡರ್‌ಕೋಟಿಂಗ್:

ಫಿಟ್ಟರ್ ಸರ್, ನಿಮ್ಮ ಮೂರನೇ ಪ್ರಶ್ನೆ ಓದಿ ಎದ್ದು ಹೋಗಿ ಟ್ಯಾಂಕ್ ಮುಂದೆ ನಿಂತ್ಕೊಂಡೆ. ವಾರಕ್ಕೊಂದು 50 ಕೆಜಿ ಫ್ಲೇಕ್ಸ್ ಚೀಲ ಹಾಕ್ತೀವಿ. ಹುಡುಗರು ಮೆಟ್ಟಿಲು ಇರೋ ಕಡೆಯಿಂದ, ಸೋಮವಾರ ಬೆಳಿಗ್ಗೆ ಟ್ಯಾಂಕ್ ಕಾದ ಮೇಲೆ, ಚೀಲ ಬಿಚ್ಚಿ ಮೂಲೆಗೆ ಸುರೀತಾರೆ. ಕೋಲಲ್ಲಿ ಕಲಕೋದೂ ಇಲ್ಲ, ತಾನೇ ಕರಗತ್ತೆ ಅಂತ ಬಿಡ್ತಾರೆ. ಮೂರು ಸಲ ಲೀಕಾಗಿದ್ದೂ ಅದೇ ಮೂಲೇಲಿ, ಮೆಟ್ಟಿಲ ಕೆಳಗೇ. ಉಳಿದ ಮೂರು ಮೂಲೆಗೆ ಒಂದು ಹನಿ ತೊಂದ್ರೆ ಇಲ್ಲ. ಹೀಟರಲ್ಲಿ ಒಂದು ಆ ಕಡೆ ಗೋಡೆಗೆ ನಾಲ್ಕು ಬೆರಳು ದೂರದಲ್ಲಿದೆ, ತಳದಲ್ಲಿ ಅರ್ಧ ಅಡಿ ಕೆಸರು ಕೂತಿದೆ.

ಹೊರಗೆ ರಾಕ್‌ವೂಲ್ ಇಲ್ಲ, ಬರೀ ಪೇಂಟು.

---

ಬೆಳಗಾವಿ_ಫಿಟ್ಟರ್:

ಹಾಂ, ಸಿಕ್ತು ನೋಡ್ರಿ. ಫ್ಲೇಕ್ಸ್ ನೀರಿಗಿಂತ ಎರಡು ಪಟ್ಟು ಭಾರ, ಸೀದಾ ಹೋಗಿ ತಳದಾಗ ಗುಂಪಿ ಆಗಿ ಕುಂದರತಾವು. ಕರಗೂವಾಗ ತಾವೇ ಬಿಸಿ ಹುಟ್ಟಸ್ತಾವು. ಹಂಗ ಆ ಗುಂಪಿ ಒಳಗ ನಿಮ್ಮ 5 ಪರ್ಸೆಂಟ್ ಇರೂದಿಲ್ರಿ, 50 ದಾಟಿರತೈತಿ, ಬಿಸಿನೂ 75ಕ್ಕಿಂತ ಮ್ಯಾಲ. ಮ್ಯಾಲೆ ಕೆಸರು ಮುಚ್ಚಿರತೈತಿ, ಲಗೂ ಕರಗಿ ಹೋಗಾಕೂ ಬಿಡೂದಿಲ್ಲ. ಕೆಳಗ ಇರೂದು ಮೂಲಿ ವೆಲ್ಡಿಂಗ್, ಎಳತ ಅಲ್ಲೇ ಜಾಸ್ತಿ. ಎರಡು ವರ್ಷ ಅಂದ್ರ ನೂರು ಸೋಮವಾರ ಆತಲ್ರಿ. ಬಿರುಕು ಬೆಳೀಲಿಕ್ಕ ಅಷ್ಟು ಸಾಕು ಅಂತ ನನ್ನ ಅಂದಾಜು.

ಮೂರು ಸಲ ಮ್ಯಾಲ ಮ್ಯಾಲ ವೆಲ್ಡಿಂಗ್ ಹೊಡಸೀರಲ್ಲ, ಅದು ರೋಗಾ ಹೆಚ್ಚ ಮಾಡೇತಿ. ಬಿರುಕಿನ ಒಳಗ ಕಾಸ್ಟಿಕ್ ಕುಂತಿರತೈತಿ, ಅದರ ಮ್ಯಾಲ ಕಾಯಿಸಿದ್ರ ಬಿರುಕು ಮುಂದ ಓಡತೈತಿ, ಮ್ಯಾಲ ಹೊಸ ವೆಲ್ಡಿಂಗಿನ ಹೊಸ ಎಳತ ಪಕ್ಕಕ್ಕ ಕೂಡತೈತಿ. ಅದಕ್ಕ ನಿಮಗ ಪಕ್ಕ ಪಕ್ಕದಾಗ ಲೀಕ್ ಆಗೂದು.

ಟ್ಯಾಂಕ್ ಖಾಲಿ ಮಾಡ್ಸಿ, ಎಫ್‌ಆರ್‌ಪಿ ಪೂರ್ತಿ ಕೆತ್ತಿಸಿ, ಚಲೋತ್ನಂಗ ತೊಳದು, ಡಿಪಿ ಟೆಸ್ಟ್ ಮಾಡಸ್ರಿ. ಕೆಂಪು ಬಣ್ಣ ಹೊಡದು ಒರಸಿ ಬಿಳೀ ಪೌಡರ್ ಹೊಡದ್ರ ಬಿರುಕು ತಾನ ಎದ್ದು ಕಾಣತೈತಿ. ಜೇಡರ ಬಲಿ ಹಂಗ ಕವಲು ಕವಲು ಕಂಡ್ರ ಅದೇ. ಒಳಗ ಇಳಿಯೋ ಹುಡುಗಂಗ ಕನ್ನಡಕ, ಉದ್ದ ಗ್ಲೌಸ್, ಬೂಟು ಇಲ್ಲದ ಇಳಸಬ್ಯಾಡ್ರಿ, ಹೊರಗ ಒಬ್ಬಾಂವ ನೀರಿನ ಪೈಪ್ ಹಿಡಕೊಂಡು ನಿಂತಿರಲಿ. ಕಾಸ್ಟಿಕ್ ಕಣ್ಣಿಗೆ ಬಿದ್ರ ಆಸಿಡ್‌ಗಿಂತ ಕೆಟ್ಟದ್ದು, ಒಳಗ ಒಳಗ ಇಳೀತೈತಿ.

---

ರಬ್ಬರ್‌ಲೈನಿಂಗ್_30ವರ್ಷ:

ಫಿಟ್ಟರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದ್ರೂ ನೀವು ಲೈನಿಂಗ್ ಬಗ್ಗೆ ಕೇಳಿದ್ದೀರಿ, ಮುಂದೆ ಓದೋರಿಗೂ ಉಪಯೋಗ ಆಗ್ಲಿ ಅಂತ ಒಂದೊಂದಾಗಿ ಹೇಳಿಬಿಡ್ತೀನಿ.

ರಬ್ಬರ್ ಕಾಸ್ಟಿಕ್‌ಗೆ ಹೆದರಲ್ಲ. ಮೆತ್ತನೆ ನ್ಯಾಚುರಲ್ ರಬ್ಬರ್ 60-65 ಡಿಗ್ರಿವರೆಗೆ, ಎಬೊನೈಟ್ (ಗಟ್ಟಿ ರಬ್ಬರ್) ಮತ್ತು ಬ್ಯೂಟೈಲ್ ಇನ್ನೂ ಮೇಲಕ್ಕೆ. ಹಂಗಂತ ನಿಮ್ಮ ಟ್ಯಾಂಕ್‌ಗೆ ಕಣ್ಮುಚ್ಚಿ ಹಾಕೋಕೆ ನಾನು ಒಪ್ಪಲ್ಲ, ಯಾಕಂದ್ರೆ ಇದು ಡಿಗ್ರೀಸಿಂಗ್ ಟ್ಯಾಂಕು. ಜಾಬ್‌ನಿಂದ ಬಿಡೋ ಎಣ್ಣೆ ಎಲ್ಲ ಎಲ್ಲಿಗೆ ಹೋಗತ್ತೆ? ಮೇಲೆ ತೇಲತ್ತೆ. ನೀರಿನ ಮಟ್ಟ ಇರೋ ಕಡೆ ಸುತ್ತಲೂ ಒಂದು ಗೇಣು ಅಗಲ ರಬ್ಬರ್ ದಿನವಿಡೀ ಬಿಸಿ ಮಿನರಲ್ ಆಯಿಲ್‌ನಲ್ಲಿ ನೆನೀತಾ ಇರತ್ತೆ. ನ್ಯಾಚುರಲ್, ಬ್ಯೂಟೈಲ್, ಇಪಿಡಿಎಂ ಮೂರೂ ಆ ಎಣ್ಣೆ ಕುಡಿದು ಊದ್ಕೊಳತ್ತೆ. ನಾನು ಕಣ್ಣಾರೆ ನೋಡಿದೀನಿ, ಕೆಳಗಡೆ ಎಲ್ಲಾ ಹೊಸದರ ಹಾಗೇ ಇತ್ತು, ಮೇಲಿನ ಪಟ್ಟಿ ಮಾತ್ರ ನೆನೆಸಿದ ಕಡ್ಲೆ ಥರ ಉಬ್ಬಿ ಜಾಯಿಂಟ್ ಬಾಯಿ ಬಿಟ್ಟಿತ್ತು. ಕೆಮಿಕಲ್ ಚಾರ್ಟ್‌ನಲ್ಲಿ ಕಾಸ್ಟಿಕ್ ಮುಂದೆ ಟಿಕ್ ಮಾರ್ಕ್ ನೋಡಿ ಆರ್ಡರ್ ಕೊಟ್ಟಿದ್ರು ಅವರು, ಟ್ಯಾಂಕ್ ಒಳಗೆ ಕಾಸ್ಟಿಕ್ ಬಿಟ್ಟು ಇನ್ನೇನಿರತ್ತೆ ಅಂತ ಯಾರೂ ಕೇಳಿರ್ಲಿಲ್ಲ. ಎಬೊನೈಟ್ ಎಣ್ಣೆಗೆ ಮೆತ್ತನೆ ರಬ್ಬರ್‌ಗಿಂತ ಎಷ್ಟೋ ಚೆನ್ನಾಗಿ ತಡೆಯತ್ತೆ, ಆದ್ರೆ ಬಳೆ ಥರ, ಹುಕ್ಕಿಂದ ಜಾಬ್ ಜಾರಿ ಬಡಿದ್ರೆ ಸೀಳತ್ತೆ.

ಪಿಪಿ ಕೆಮಿಕಲ್ ಲೆಕ್ಕದಲ್ಲಿ ಒಳ್ಳೇದು, 75 ಡಿಗ್ರಿನೂ ತಡೆಯತ್ತೆ. ತೊಂದ್ರೆ ಹಿಗ್ಗೋದ್ರಲ್ಲಿ. ಒಂದು ಮೀಟರ್ ಪಿಪಿ ಒಂದು ಡಿಗ್ರಿಗೆ ಸುಮಾರು 0.15 ಎಂಎಂ ಹಿಗ್ಗತ್ತೆ, ಕಬ್ಬಿಣ 0.012. ನಿಮ್ಮ 3 ಮೀಟರ್ ಟ್ಯಾಂಕು 25ರಿಂದ 75ಕ್ಕೆ ಹೋದ್ರೆ ಪಿಪಿ 22 ಎಂಎಂ ಉದ್ದ ಆಗತ್ತೆ, ಹೊರಗಿನ ಕಬ್ಬಿಣ 2 ಎಂಎಂ ಕೂಡ ಆಗಲ್ಲ. ಉಳಿದ 20 ಎಂಎಂ ಎಲ್ಲಿಗೆ ಹೋಗ್ಬೇಕು? ಹೊಟ್ಟೆ ಬಂದು ಒಳಗೆ ಉಬ್ಬತ್ತೆ, ರಾತ್ರಿ ತಣ್ಣಗಾದ್ರೆ ಎಳೆಯತ್ತೆ, ದಿನಾ ಹಿಂಗಾಗಿ ಮೂಲೆ ವೆಲ್ಡ್ ಬಿಡತ್ತೆ. ಮಾಡೋರು ತಿಳಿದವರಾಗಿದ್ರೆ ಮೂಲೆ ಬಗ್ಗಿಸಿ ವೆಲ್ಡ್‌ನ ಚಪ್ಪಟೆ ಜಾಗಕ್ಕೆ ತರ್ತಾರೆ, ಹಿಗ್ಗೋಕೆ ಜಾಗ ಬಿಡ್ತಾರೆ, ಮುಗಿದ ಮೇಲೆ ಸ್ಪಾರ್ಕ್ ಟೆಸ್ಟ್ (ಕರೆಂಟ್ ಕಿಡಿಯಿಂದ ಸಣ್ಣ ತೂತು ಹುಡುಕೋದು) ಮಾಡಿ ತೋರಿಸ್ತಾರೆ. ಸ್ಪಾರ್ಕ್ ಟೆಸ್ಟರ್ ಇಲ್ಲದೆ ಬರೋರಿಗೆ ಯಾವ ಲೈನಿಂಗ್ ಕೆಲಸಾನೂ ಕೊಡಬೇಡಿ. ಆಮೇಲೆ ಪಿಪಿ ಇರೋ ಟ್ಯಾಂಕಲ್ಲಿ ಲೆವೆಲ್ ಇಳಿದು ಹೀಟರ್ ಬಯಲಾದ್ರೆ ಬೆಂಕಿ, ಲೆವೆಲ್ ಸ್ವಿಚ್ ಇಲ್ಲದೆ ಓಡಿಸ್ಬಾರ್ದು.

ಪಿವಿಡಿಎಫ್ ಹೇಳಿದವನಿಗೆ ಕೈ ಮುಗಿದು ಕಳಿಸಿ. ಆಸಿಡ್‌ಗೆ ಅದು ಬಂಗಾರ, ಬಿಸಿ ಕಾಸ್ಟಿಕ್‌ಗೆ ಅಲ್ಲವೇ ಅಲ್ಲ. ಪಿಎಚ್ 12 ದಾಟಿದ್ರೆ ಕಂದು ಬಣ್ಣಕ್ಕೆ ತಿರುಗಿ, ಪೆಡಸಾಗಿ ಸೀಳು ಬಿಡತ್ತೆ. ದುಬಾರಿ ಇದ್ದದ್ದೆಲ್ಲ ಎಲ್ಲದಕ್ಕೂ ಆಗತ್ತೆ ಅಂತಿಲ್ಲ. ಆಸಿಡ್ ಪ್ರೂಫ್ ಇಟ್ಟಿಗೆ ಹಾಕ್ಸಿ ಅಂತ ಯಾರಾದ್ರೂ ಬಂದ್ರೂ ಅಷ್ಟೇ, ಸಿಲಿಕೇಟ್ ಗಾರೆ ಆರು ತಿಂಗಳೂ ಇರಲ್ಲ. ಎಪಾಕ್ಸಿಲಿ ನೊವೊಲ್ಯಾಕ್ ಅಂತ ಬರತ್ತೆ, ಅದು ಪರವಾಗಿಲ್ಲ, ಆದ್ರೆ ಬ್ಲಾಸ್ಟಿಂಗ್ (ಮರಳು ಥರದ ಕಾಳು ಹೊಡೆದು ಮೈ ಉಜ್ಜೋದು) ಸರಿಯಾಗಿ ಆಗಿ ಬಿರುಕಿಲ್ಲದ ಗಟ್ಟಿ ಪ್ಲೇಟ್ ಮೇಲೆ ಮಾತ್ರ. ನಿಮ್ಮದು ಒಳಗೆ ಕಾಸ್ಟಿಕ್ ಕುಡಿದ ಬಿರುಕು ಇರೋ ಪ್ಲೇಟು, ಅದರ ಮೇಲೆ ಏನು ಅಂಟಿಸಿದ್ರೂ ಕೆಳಗಿಂದ ಎಬ್ಬಿಸತ್ತೆ. ನಿಮ್ಮ ಎಫ್‌ಆರ್‌ಪಿ ಬೇಗ ಹೋಗೋಕೆ ಅದೂ ಒಂದು ಕಾರಣ ಇರಬಹುದು, ಲೈನಿಂಗ್ ಹಾಕಿದ ಹುಡುಗರ ಮೇಲೆ ಪೂರ್ತಿ ತಪ್ಪು ಹಾಕಕ್ಕಾಗಲ್ಲ.

30 ವರ್ಷ ಲೈನಿಂಗ್ ಮಾಡಿ ಹೊಟ್ಟೆ ಹೊರೆದವನು ಹೇಳ್ತಿದೀನಿ, ಈ ಟ್ಯಾಂಕ್‌ಗೆ ಲೈನಿಂಗ್ ಬೇಡ.

---

ಬ್ಲ್ಯಾಕೋಡೈಸಿಂಗ್_ರಾಜಾಜಿನಗರ:

ಮಧ್ಯೆ ಬರ್ತಿದೀನಿ ಕ್ಷಮಿಸಿ. ನಮ್ಮದು ಬ್ಲ್ಯಾಕೋಡೈಸಿಂಗ್ (ಕಬ್ಬಿಣದ ಮೈ ಕಪ್ಪು ಮಾಡೋದು), 140 ಡಿಗ್ರಿಲಿ ಕುದಿಯೋ ಕಾಸ್ಟಿಕ್, ಅದೂ ಅಷ್ಟು ಗಟ್ಟಿ. ಬರೀ ಎಂಎಸ್ ಟ್ಯಾಂಕು, ಎಷ್ಟೋ ವರ್ಷದಿಂದ ಬಿರುಕು ಬಂದಿಲ್ಲ. ಫಿಟ್ಟರ್ ಅವರ ಲೆಕ್ಕದಲ್ಲಿ ನಮ್ಮದು ಯಾವತ್ತೋ ಒಡೆದು ಹೋಗ್ಬೇಕಿತ್ತಲ್ಲ?

---

ಬೆಳಗಾವಿ_ಫಿಟ್ಟರ್:

ಛಲೋ ಪ್ರಶ್ನಿ ರೀ. ನಿಮ್ಮ ಸಾಲ್ಟ್‌ನ್ಯಾಗ ಸೋಡಿಯಂ ನೈಟ್ರೇಟ್, ನೈಟ್ರೈಟ್ ಇರತಾವಲ್ಲ, ಅವು ಕಪ್ಪು ಮಾಡೂದಷ್ಟ ಅಲ್ಲ, ಕಬ್ಬಿಣನ್ನ ಬಿರುಕಿನಿಂದ ಕಾಯತಾವು. ಬಾಯ್ಲರ್ ನೀರಿಗೆ ಸೋಡಿಯಂ ನೈಟ್ರೇಟ್ ಹಾಕ್ತಿದ್ದದ್ದೂ ಇದಕ್ಕ, ಕಾಸ್ಟಿಕ್ ಕ್ರ್ಯಾಕಿಂಗ್ ಆಗಬಾರದು ಅಂತ. ಪೀಣ್ಯ ಸರ್ ಡಿಗ್ರೀಸಿಂಗ್‌ನ್ಯಾಗ ಅದು ಇಲ್ಲ. ಹಂಗಂತ ನಿಮ್ಮ ಟ್ಯಾಂಕಿಗೆ ಬಿರುಕು ಬರೂದೇ ಇಲ್ಲ ಅಂತ ನಾ ಬರದು ಕೊಡೂದಿಲ್ಲ, ವರ್ಷಕ್ಕೊಮ್ಮೆ ವೆಲ್ಡಿಂಗ್ ಮ್ಯಾಲ ಡಿಪಿ ಹೊಡಸ್ರಿ. 140 ಡಿಗ್ರಿದು ಮೈಮ್ಯಾಲ ಬಂದ್ರ ಮಾತಾಡೂ ಹಂಗಿಲ್ಲ.

---

ಪೀಣ್ಯ_ಪೌಡರ್‌ಕೋಟಿಂಗ್:

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು.

ಟ್ಯಾಂಕ್ ಖಾಲಿ ಮಾಡಿ ಕೆಸರು ತೆಗೆದ್ವಿ. ಮೆಟ್ಟಿಲ ಕಡೆ ಮೂಲೇಲಿ ಕೆಸರಿನ ಕೆಳಗೆ ಕಲ್ಲುಸಕ್ಕರೆ ಥರ ಗಟ್ಟಿ ಕಟ್ಟಿದ ಬಿಳೀ ಉಂಡೆ ಸಿಕ್ತು, ಎರಡು ಬೊಗಸೆ ಅಷ್ಟು, ನೀರು ಬಿಟ್ರೆ ಬಿಸಿ ಆಗ್ತಿತ್ತು. ಕರಗದೇ ಉಳಿದ ಕಾಸ್ಟಿಕ್ಕು. ಡಿಪಿ ಮಾಡೋರು ಬಂದು ಬಿಳೀ ಪೌಡರ್ ಹೊಡೆದು ಹತ್ತು ನಿಮಿಷ ಕಾದ್ವಿ, ನಿಧಾನಕ್ಕೆ ಕೆಂಪು ಗೆರೆ ಎದ್ದು ಬಂತು, ಒಂದಲ್ಲ, ವೆಲ್ಡಿಂಗ್ ಪಕ್ಕ ಒಂದಡಿ ಉದ್ದಕ್ಕೆ ಮರದ ಬೇರಿನ ಥರ ಕವಲು. ನಾವು ಮೂರು ಸಲ ರಿಪೇರಿ ಮಾಡಿದ ಜಾಗದಲ್ಲೇ ಜಾಸ್ತಿ. ಬೇರೆ ಮೂಲೆಗಳಲ್ಲಿ ಒಂದು ಗೆರೆನೂ ಇಲ್ಲ. ಪ್ಲೇಟ್ ದಪ್ಪ ಅಳೆಸಿದೆ, ಎಲ್ಲಾ ಕಡೆ 4.8, 4.9 ಇದೆ. ಫಿಟ್ಟರ್ ಸರ್ ಟ್ಯಾಂಕ್ ನೋಡದೇ ಹೇಳಿದ್ದು ಅಕ್ಷರಶಃ ಹಂಗೇ ಇತ್ತು.

ಹಳೇ ಟ್ಯಾಂಕ್ ಬಿಟ್ಟು 6 ಎಂಎಂ ಪ್ಲೇಟಲ್ಲಿ ಹೊಸ ಎಂಎಸ್ ಟ್ಯಾಂಕ್ ಮಾಡಿಸ್ತಿದೀನಿ, ಲೈನಿಂಗ್ ಇಲ್ಲ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಕೂಡ ವಿಚಾರಿಸಿದೆ, ಡೈರಿಗಳಲ್ಲಿ ಪೈಪ್ ತೊಳೆಯೋ ಬಿಸಿ ಕಾಸ್ಟಿಕ್ ಎಲ್ಲ ಎಸ್‌ಎಸ್‌ನಲ್ಲೇ ಓಡತ್ತಂತೆ, ಆದ್ರೆ ರೇಟು ನನ್ನ ಕೈಗೆ ಸಿಗಲ್ಲ. ಹೀಟ್ ಟ್ರೀಟ್‌ಮೆಂಟ್‌ನವರು ಟ್ಯಾಂಕ್ ಪೂರ್ತಿ ಫರ್ನೇಸಲ್ಲಿ ಇಟ್ಟು ಸ್ಟ್ರೆಸ್ ರಿಲೀವ್ ಮಾಡ್ಕೊಡ್ತೀನಿ ಅಂದಿದಾರೆ. ಎಷ್ಟು ಡಿಗ್ರಿ ಹೇಳ್ಬೇಕು? ಹೀಟರ್‌ಗಳನ್ನ ಗೋಡೆಯಿಂದ ಒಂದಡಿ ಒಳಗೆ ತಂದು ತಳದಿಂದ ಮೇಲೆತ್ತಿ ಹಾಕಿಸ್ತಿದೀನಿ. ಕಾಸ್ಟಿಕ್‌ನ ಬೇರೆ ಡ್ರಮ್ಮಲ್ಲಿ ಕರಗಿಸಿ ಹಾಕೋಕೆ ಹುಡುಗರಿಗೆ ಹೇಳಿದೀನಿ. ಹೊರಗೆ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ಶೀಟ್ ಹೊದಿಸೋಣ ಅಂತಿದೀನಿ, ಕರೆಂಟ್ ಬಿಲ್ಲೂ ಇಳಿಯತ್ತೆ.

---

ಬೆಳಗಾವಿ_ಫಿಟ್ಟರ್:

ಭಾಳ ಖುಷಿ ಆತ್ರಿ ಓದಿ. 620 ಡಿಗ್ರಿ ಹೇಳ್ರಿ, 25 ಎಂಎಂ ದಪ್ಪಕ್ಕ ಒಂದು ತಾಸು ಅಂತ ಲೆಕ್ಕ, ನಿಮ್ಮದು ತೆಳು ಪ್ಲೇಟಾದ್ರೂ ಒಂದು ತಾಸು ಹಿಡೀಲಿ, ಏರಸೂದು ಇಳಸೂದು ಸಾವಕಾಶ ಆಗಲಿ. ಒಳಗ ಅಡ್ಡ ಸಪೋರ್ಟ್ ಕಟ್ಟಿ ಇಡಸ್ರಿ, ಇಲ್ಲಂದ್ರ 6 ಎಂಎಂ ಪ್ಲೇಟ್ ಸೊಟ್ಟ ಆಗತೈತಿ. ನಳಾ, ಬ್ರ್ಯಾಕೆಟ್, ಹೀಟರ್ ಕ್ಲಾಂಪ್ ಎಲ್ಲಾ ವೆಲ್ಡಿಂಗ್ ಅದಕ್ಕಿಂತ ಮೊದಲ ಮುಗದಿರಬೇಕು. ಆಮ್ಯಾಲ ಒಂದ ಸಣ್ಣ ಟ್ಯಾಕ್ (ಚುಕ್ಕಿ ವೆಲ್ಡಿಂಗ್) ಹೊಡದ್ರೂ ಅಲ್ಲಿ ಮತ್ತ ಎಳತ ಕೂಡತೈತಿ.

ಡ್ರಮ್ಮಿನ್ಯಾಗ ಮೊದಲ ತಣ್ಣೀರು, ಅದಕ್ಕ ಫ್ಲೇಕ್ಸ್ ಸ್ವಲ್ಪ ಸ್ವಲ್ಪ, ಕಲಕ್ಕೋತ. ಫ್ಲೇಕ್ಸ್ ಮ್ಯಾಲ ನೀರು ಸುರೀಬಾರ್ದು, ಸಿಡೀತೈತಿ. ಡ್ರಮ್ ಕಬ್ಬಿಣದ್ದ ಇರಲಿ, ಕರಗೂವಾಗ ಭಾಳ ಕಾಯತೈತಿ, ಪ್ಲಾಸ್ಟಿಕ್ ಡ್ರಮ್ ಮೆತ್ತಗ ಆಗತೈತಿ. ಜಿಐ (ಸತು ಲೇಪದ) ಬಕೆಟ್ ಬ್ಯಾಡ.

---

ತುಮಕೂರು_ಎಫ್‌ಆರ್‌ಪಿ:

ಸರ್ ಅಲ್ಯೂಮಿನಿಯಂ ಶೀಟ್ ಬೇಡ! ಮೇಲಿಂದ ಜಾಬ್ ಎತ್ತುವಾಗ ಕಾಸ್ಟಿಕ್ ತೊಟ್ಟಿಕ್ಕೇ ತೊಟ್ಟಿಕ್ಕತ್ತೆ, ಅಲ್ಯೂಮಿನಿಯಂನ ತೂತು ತೂತು ಮಾಡತ್ತೆ, ಹೈಡ್ರೋಜನ್ ಬೇರೆ ಬಿಡತ್ತೆ. ಜಿಐ ಶೀಟ್‌ದೂ ಅದೇ ಕಥೆ, ಸತುವೂ ಕರಗತ್ತೆ. ತೆಳು ಎಸ್‌ಎಸ್ ಶೀಟ್ ಇಲ್ಲಾ ಎಪಾಕ್ಸಿ ಹೊಡೆದ ಎಂಎಸ್ ಶೀಟ್ ಹೊದಿಸಿ. ಕೆಳಗಡೆ ಮೂಲೆ ವೆಲ್ಡಿಂಗ್ ಇರೋ ಕಡೆ ಸುತ್ತಲೂ ಒಂದು ಗೇಣು ಮಾತ್ರ ಮುಚ್ಚಬೇಡಿ. ಅಲ್ಲಿ ರಾಕ್‌ವೂಲ್ ಇದ್ರೆ ಲೀಕಾದ್ರೂ ಒಳಗೇ ಹೀರ್ಕೊಂಡು ತಿಂಗಳುಗಟ್ಟಲೆ ಗೊತ್ತಾಗಲ್ಲ, ಬಯಲಿದ್ರೆ ಬಿಳೀ ಉಪ್ಪು ಕಟ್ಟಿದ್ದು ಮೊದಲ ದಿನವೇ ಕಣ್ಣಿಗೆ ಬೀಳತ್ತೆ.

---

ಪೀಣ್ಯ_ಪೌಡರ್‌ಕೋಟಿಂಗ್:

ಶೀಟ್ ಆರ್ಡರ್ ಇವತ್ತೇ ಕ್ಯಾನ್ಸಲ್ ಮಾಡ್ದೆ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಟ್ಯಾಂಕ್ ಮುಂದಿನ ವಾರ ಫರ್ನೇಸ್‌ಗೆ ಹೋಗತ್ತೆ, ವೆಲ್ಡಿಂಗ್ ಮುಗಿಸೋಕೆ ಶನಿವಾರ ತನಕ ಟೈಮ್ ಇದೆ, ಹೀಟರ್ ಕ್ಲಾಂಪ್ ಜಾಗ ನಾಳೆ ಬೆಳಿಗ್ಗೆನೇ ಮಾರ್ಕ್ ಮಾಡಿ ಕೊಡ್ತೀನಿ.